ಡಬಲ್ ಗ್ಲಾಸ್ ಕಿಟಕಿಯ ಎರಡು ಗಾಜಿನ ಮಧ್ಯೆ ಮಂಜು: ಗಾಜು ಬದಲಿಸಿದರೆ ಸಾಕಾ, ಇಡೀ ಕಿಟಕಿ ಕೀಳಬೇಕಾ?

ಮೋಡಗಾಜು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಈಗ 11 ವರ್ಷ. ಒಟ್ಟು ಒಂಬತ್ತು ಕಿಟಕಿ, ಎಲ್ಲಕ್ಕೂ ಆಗಲೇ ಡಬಲ್ ಗ್ಲಾಸ್ ಹಾಕಿಸಿದ್ದೆವು, ಯುಪಿವಿಸಿ ಫ್ರೇಮು. ಹೋದ ವರ್ಷ ಚಳಿ ಶುರುವಾದಾಗ ಮಲಗುವ ಕೋಣೆಯ ದೊಡ್ಡ ಕಿಟಕಿಯ ಕೆಳಮೂಲೆಯಲ್ಲಿ ಅಂಗೈಯಗಲ ಮಂಜು ಕಾಣಿಸಿಕೊಂಡಿತು. ಬಿಸಿಲೇರಿದ ಮೇಲೆ ತಾನಾಗೇ ಹೋಗುತ್ತಿತ್ತು, ಹಾಗಾಗಿ ತಲೆಕೆಡಿಸಿಕೊಳ್ಳಲಿಲ್ಲ. ಈ ವರ್ಷ ಅದು ಅರ್ಧ ಗಾಜಿನವರೆಗೆ ಏರಿದೆ. ಮಧ್ಯಾಹ್ನವಾದರೂ ಹೋಗುವುದಿಲ್ಲ. ಅಡುಗೆಮನೆಯಲ್ಲೂ ಮಕ್ಕಳ ಕೋಣೆಯ ಎರಡು ಕಿಟಕಿಗಳಲ್ಲೂ ಬೆಳಿಗ್ಗೆ ಎದ್ದರೆ ಗಾಜಿನ ಬುಡದಲ್ಲಿ ನೀರು ಸಾಲಾಗಿ ನಿಂತಿರುತ್ತದೆ.

ಕಿಟಕಿ ಕೆಲಸದವರೊಬ್ಬರು ಬಂದು ನೋಡಿದರು. ಐದೇ ನಿಮಿಷ. "ಎಲ್ಲದರ ಸೀಲೂ ಹೋಗಿದೆ, ಫ್ರೇಮ್ ಸಮೇತ ಒಂಬತ್ತನ್ನೂ ತೆಗೆದು ಹೊಸದು ಹಾಕಬೇಕು" ಅಂದರು. ಇನ್ನೊಬ್ಬರು ಫೋನಿನಲ್ಲೇ "ಗಾಜಿಗೆ ಸಣ್ಣ ತೂತು ಕೊರೆದು ಒಳಗೆ ತೊಳೆದು ಒಣಗಿಸಿಕೊಡುತ್ತೇವೆ" ಅಂದರು. ಯಾರ ಮಾತು ಕೇಳಲಿ ಎಂದು ನಿಜವಾಗಿಯೂ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.


ಗಾಜುಗೆಲಸ

ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳಬೇಡಿ. ಒಂಬತ್ತು ಕಿಟಕಿ ಕೀಳುವ ಮಾತು ಆಮೇಲಿನದು. ನೀರು ಗಾಜಿನ ಯಾವ ಮುಖದ ಮೇಲೆ ಕೂತಿದೆ ಅನ್ನೋದು ಮೊದಲು ಗೊತ್ತಾಗಬೇಕು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. "ಸೀಲ್ ಹೋಗಿದೆ" ಅಂತ ನನ್ನನ್ನು ಕರೆಸಿದ ಎಷ್ಟೋ ಮನೆಗಳಲ್ಲಿ ಸೀಲ್ ಗಟ್ಟಿಯಾಗೇ ಇತ್ತು, ಮನೆಯ ಗಾಳಿಯಲ್ಲಿ ತೇವ ಜಾಸ್ತಿಯಾಗಿತ್ತು ಅಷ್ಟೇ.

ಡಬಲ್ ಗ್ಲಾಸ್ ಅಂದರೆ ನಾಲ್ಕು ಮುಖ. ಹೊರಗಿನಿಂದ ಎಣಿಸಿ: ಒಂದನೆಯದು ಮಳೆ ಬೀಳುವ ಮುಖ, ನಾಲ್ಕನೆಯದು ನಿಮ್ಮ ಕೈಗೆ ಸಿಗುವ ಮುಖ. ಎರಡು ಮತ್ತು ಮೂರು ಒಳಗಿನ ಸಂದಿಯಲ್ಲಿವೆ, ಅವು ಯಾರ ಕೈಗೂ ಸಿಗುವುದಿಲ್ಲ. ನಾಳೆ ಬೆಳಿಗ್ಗೆ ಮಂಜು ಇರುವಾಗಲೇ ಒಣ ಬಟ್ಟೆಯಿಂದ ಪ್ರತಿ ಗಾಜನ್ನೂ ಮೊದಲು ಒಳಗಡೆ ಒರೆಸಿ, ಆಮೇಲೆ ಹೊರಗಡೆ. ಒಳಗೆ ಒರೆಸಿದಾಗ ಹೋದರೆ ಅದು ಕೋಣೆಯ ತೇವ. ಹೊರಗೆ ಒರೆಸಿದಾಗ ಹೋದರೆ ಬರೀ ಇಬ್ಬನಿ. ಎರಡೂ ಕಡೆ ಒರೆಸಿದ ಮೇಲೂ ಮಸುಕು ಉಳಿದರೆ ಮಾತ್ರ ಸೀಲಿನ ಮಾತು.

ಒರೆಸಿ ಬಂದು ಹೇಳಿ. ಒಂದೊಂದು ಕಿಟಕಿಯದೂ ಬೇರೆ ಬೇರೆ ಬರೆದಿಡಿ. ಹಾಗೇ ಗಾಜಿನ ನಡುವಿನ ಪಟ್ಟಿಯ ಮೇಲೆ ಟಾರ್ಚ್ ಬಿಟ್ಟು ನೋಡಿ, ಸಣ್ಣ ಅಕ್ಷರದಲ್ಲಿ ತಯಾರಾದ ತಿಂಗಳು, ವರ್ಷ ಮುದ್ರಿಸಿರುವುದುಂಟು. ಗ್ಯಾರಂಟಿ ಕೇಳಬೇಕಾಗಿ ಬಂದರೆ ಅದೇ ಆಧಾರ.


ಎರಡನೇಮಹಡಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಹೊರಗಿನ ಮುಖದ ಮೇಲೇ ಮಂಜು ಬರುತ್ತದೆ. ಹಾಕಿಸಿ ಆರು ತಿಂಗಳೂ ಆಗಿಲ್ಲ. ಹಳೇ ಒಂಟಿ ಗಾಜಿನಲ್ಲಿ ಹೀಗೆ ಆಗುತ್ತಲೇ ಇರಲಿಲ್ಲ. ಇದು ದೋಷವೇ?


ಹಬೆಲೆಕ್ಕ

ದೋಷವಲ್ಲ, ಒಳ್ಳೆಯ ಲಕ್ಷಣ. ಹಳೇ ಗಾಜು ಮನೆಯ ಶಾಖವನ್ನು ಹೊರಗೆ ಬಿಡುತ್ತಿತ್ತು, ಆ ಶಾಖಕ್ಕೆ ಹೊರಮುಖ ಬೆಚ್ಚಗಿರುತ್ತಿತ್ತು. ಹೊಸ ಗಾಜು ಶಾಖವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹೊರಗಿನ ಗಾಜಿಗೆ ಶಾಖ ಸಿಗುವುದಿಲ್ಲ, ಮೋಡವಿಲ್ಲದ ರಾತ್ರಿ ಅದು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ಹೀಗೆಯೇ. ಬಿಸಿಲು ಬಿದ್ದ ಮೇಲೆ ಹೋಗುತ್ತದೆ, ಏನೂ ಮಾಡಬೇಕಾಗಿಲ್ಲ.

ಸೆಕೆ ಮತ್ತು ತೇವ ಎರಡೂ ಇರುವ ಹವೆಯಲ್ಲಿ ಎಸಿ ಹಾಕಿಕೊಂಡು ಮಲಗುವವರಿಗೂ ಹೊರಮುಖದಲ್ಲೇ ಮಂಜು ಬರುತ್ತದೆ. ಹೊರಗೆ 28 ಡಿಗ್ರಿ, ತೇವಾಂಶ 85% ಇದ್ದರೆ ಆ ಗಾಳಿಯ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಅಂದರೆ ಗಾಜು 25ಕ್ಕಿಂತ ಸ್ವಲ್ಪ ಕೆಳಗಿಳಿದರೂ ಸಾಕು, ನೀರು ಕೂರುತ್ತದೆ. ಎಸಿಯ ಗಾಳಿ ನೇರವಾಗಿ ಗಾಜಿಗೆ ಬಡಿಯುತ್ತಿದ್ದರೆ ದಿಕ್ಕು ತಿರುಗಿಸಿ, ಅಷ್ಟು ಸಾಕು.


ಮೋಡಗಾಜು

ಇಂದು ಬೆಳಿಗ್ಗೆ ಆರೂವರೆಗೆ ಎದ್ದು ಒಂಬತ್ತನ್ನೂ ಒರೆಸಿದೆ. ಅಡುಗೆಮನೆಯದು ಒಂದು, ಮಕ್ಕಳ ಕೋಣೆಯದು ಎರಡು: ಒಳಗಡೆ ಒರೆಸಿದಾಗ ಪೂರ್ತಿ ಹೋಯಿತು. ಮಲಗುವ ಕೋಣೆಯದು ಎರಡೂ ಕಡೆ ಒರೆಸಿದರೂ ಹಾಗೇ ಇದೆ. ಹತ್ತಿರದಿಂದ ನೋಡಿದರೆ ಹೊರಗಿನ ಗಾಜಿನ ಒಳಮೈಯಲ್ಲಿ ಸೂಜಿಮೊನೆಯಷ್ಟು ಹನಿಗಳು. ಬುಡದಲ್ಲಿ ಅವು ಸೇರಿ ಸಣ್ಣ ಗೆರೆಯಾಗಿ ಇಳಿದ ಗುರುತಿದೆ, ಗೆರೆಯ ಅಂಚು ಬೆಳ್ಳಗಾಗಿದೆ. ಉಳಿದ ಐದು ಒಣಗಿವೆ.

ಅಂದರೆ ಹೋಗಿರುವುದು ಒಂದೇ ಕಿಟಕಿಯ ಸೀಲ್ ಅಲ್ಲವಾ? ಒಂಬತ್ತಕ್ಕೂ ಮುಂಗಡ ಕೊಡುವವನಿದ್ದೆ.

ತೇವಾಂಶ ತೋರಿಸುವ ಮೀಟರ್ ಒಂದು ಮನೆಯಲ್ಲಿತ್ತು. ಬೆಳಿಗ್ಗೆ ಮಕ್ಕಳ ಕೋಣೆಯಲ್ಲಿ 19 ಡಿಗ್ರಿ, 68%. ಹೊರಗೆ 4 ಡಿಗ್ರಿ.


ಹಬೆಲೆಕ್ಕ

ಅಂಕಿ ಕೊಟ್ಟಿದ್ದು ಬಹಳ ಒಳ್ಳೆಯದಾಯಿತು, ಇನ್ನು ಊಹೆ ಬೇಡ. 19 ಡಿಗ್ರಿಯಲ್ಲಿ 68% ತೇವ ಇರುವ ಗಾಳಿಯ ಇಬ್ಬನಿ ಬಿಂದು 13 ಡಿಗ್ರಿ. ಗಾಜಿನ ಯಾವ ಭಾಗ 13ಕ್ಕಿಂತ ತಣ್ಣಗಿದೆಯೋ ಅಲ್ಲೆಲ್ಲ ನೀರು ಕೂರುತ್ತದೆ.

ಈಗ ಗಾಜಿನ ಲೆಕ್ಕ. ಲೇಪನವಿಲ್ಲದ, ಗಾಳಿ ತುಂಬಿದ ಸಾಧಾರಣ ಡಬಲ್ ಗ್ಲಾಸಿನ ಯು-ಮೌಲ್ಯ (ಶಾಖ ಎಷ್ಟು ದಾಟುತ್ತದೆ ಅನ್ನುವ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ಸುಮಾರು 2.8. ಹೊರಗೆ 4, ಒಳಗೆ 19 ಇದ್ದಾಗ ಒಳಮುಖದ ನಡುಭಾಗ ಹದಿಮೂರೂವರೆ ಡಿಗ್ರಿ ಇರುತ್ತದೆ. ಅದಕ್ಕೇ ನಡುಭಾಗ ಒಣಗಿದೆ. ಆದರೆ ಬುಡ ಇನ್ನೂ ತಣ್ಣಗಿರುತ್ತದೆ, ಎರಡು ಕಾರಣಕ್ಕೆ. ಸಂದಿಯೊಳಗಿನ ತಣ್ಣನೆಯ ಗಾಳಿ ಕೆಳಕ್ಕೆ ಇಳಿದು ಕೂರುತ್ತದೆ. ಜೊತೆಗೆ ಅಂಚಿನಲ್ಲಿರುವ ಅಲ್ಯೂಮಿನಿಯಂ ಪಟ್ಟಿ ಹೊರಗಿನ ಚಳಿಯನ್ನು ಒಳಗಿನ ಗಾಜಿಗೆ ದಾಟಿಸುತ್ತದೆ. ನೀವು ನೋಡಿದ "ಬುಡದಲ್ಲಿ ಸಾಲಾಗಿ ನೀರು" ಇದೇ.

ಅದೇ ಕೋಣೆಯ ತೇವಾಂಶ 50ಕ್ಕೆ ಇಳಿದರೆ ಇಬ್ಬನಿ ಬಿಂದು 8.3ಕ್ಕೆ ಇಳಿಯುತ್ತದೆ. ಅದೇ ಗಾಜು, ಅದೇ ಚಳಿ, ಆದರೆ ನೀರು ಬಹುತೇಕ ನಿಂತೇಹೋಗುತ್ತದೆ. ಈ ಮೂರು ಕಿಟಕಿಗಳಿಗೆ ಗಾಜಿನವರು ಬೇಡ.

ತೇವ ಎಲ್ಲಿಂದ ಬರುತ್ತದೆ ಅನ್ನುವುದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಲಗಿದ ಒಬ್ಬ ಮನುಷ್ಯ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಉಸಿರಿನಿಂದ, ಚರ್ಮದಿಂದ ಗಾಳಿಗೆ ಬಿಡುತ್ತಾನೆ. ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರು ಮಕ್ಕಳು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿನ ಆಸುಪಾಸು. ಮೆಷಿನ್ ತುಂಬ ಬಟ್ಟೆ ಒಗೆದು ಮನೆಯೊಳಗೆ ಒಣಹಾಕಿದರೆ ಒಂದೆರಡು ಲೀಟರ್ ನೀರು ನೇರ ಗಾಳಿಗೆ. ಸ್ನಾನ, ಅಡುಗೆ ಬೇರೆ.


ಮೋಡಗಾಜು

ಮಕ್ಕಳ ಕೋಣೆಯಲ್ಲೇ ಬಟ್ಟೆ ಸ್ಟ್ಯಾಂಡ್ ಇದೆ! ಹೊರಗೆ ಚಳಿ, ಮೋಡ ಅಂತ ಎರಡು ತಿಂಗಳಿಂದ ಅಲ್ಲೇ ಒಣಗಿಸುತ್ತಿದ್ದೇವೆ. ಚಳಿ ಬರಬಾರದು ಅಂತ ದಪ್ಪ ಪರದೆಯನ್ನೂ ಎಳೆದಿರುತ್ತೇವೆ.

ಆದರೆ ಹೊರಗೆ ಮಳೆ, ಮಂಜು ಇರುವಾಗ ಕಿಟಕಿ ತೆಗೆದರೆ ಇನ್ನೂ ತೇವ ಒಳಗೆ ಬರುವುದಿಲ್ಲವಾ?


ಹಬೆಲೆಕ್ಕ

ಚಳಿ ಇದ್ದರೆ ಬರುವುದಿಲ್ಲ. ತಣ್ಣನೆಯ ಗಾಳಿಗೆ ನೀರು ಹಿಡಿಯುವ ಶಕ್ತಿಯೇ ಕಡಿಮೆ. 20 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿಯುತ್ತದೆ, 0 ಡಿಗ್ರಿಯ ಗಾಳಿ 5 ಗ್ರಾಂ ಕೂಡ ಇಲ್ಲ. ಹಾಗಾಗಿ ಹೊರಗೆ ತೇವಾಂಶ ನೂರಕ್ಕೆ ನೂರು ಇದ್ದರೂ ಆ ಚಳಿಗಾಳಿ ಒಳಗೆ ಬಂದು ಬೆಚ್ಚಗಾದ ಮೇಲೆ ಒಣಗಾಳಿಯೇ. ಬೆಳಿಗ್ಗೆ ಎದುರುಬದುರು ಕಿಟಕಿಗಳನ್ನು ಐದರಿಂದ ಹತ್ತು ನಿಮಿಷ ಪೂರ್ತಿ ತೆಗೆದು ಮುಚ್ಚಿ. ಗೋಡೆ ತಣ್ಣಗಾಗುವಷ್ಟರಲ್ಲಿ ಗಾಳಿ ಬದಲಾಗಿರುತ್ತದೆ. ಹೊರಗೆ ಸೆಕೆಯೂ ತೇವವೂ ಇರುವ ಕಾಲದಲ್ಲಿ ಇದೇ ಉಪಾಯ ತಿರುಗುಬಾಣ, ಆಗ ಬೇಡ.

ಪರದೆ ಸ್ವಲ್ಪ ಸರಿಸಿಡಿ. ಕೋಣೆಯ ಬಿಸಿಗಾಳಿ ಗಾಜಿಗೆ ತಗುಲದಂತೆ ಅದು ತಡೆಯುತ್ತದೆ, ಗಾಜು ಇನ್ನೂ ತಣ್ಣಗಾಗುತ್ತದೆ. ತೇವ ಮಾತ್ರ ಪರದೆಯ ಸಂದಿಯಿಂದ ನುಸುಳುತ್ತಲೇ ಇರುತ್ತದೆ.


ಹಳೆಮನೆ

ನಮ್ಮದು ಸೀಲ್ ಮಾಡಿದ ಗಾಜಲ್ಲ. ಹಳೇ ಮರದ ಕಿಟಕಿ ಹಾಗೇ ಇದೆ, ಒಳಗಡೆ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿದ್ದೇವೆ. ನಡುವೆ ಮಂಜು ಬರುತ್ತದೆ. ಇದಕ್ಕೂ ಗಾಜು ಬದಲಿಸಬೇಕಾ?


ಗಾಜುಗೆಲಸ

ಬೇಡ. ಅಲ್ಲಿ ಸೀಲೇ ಇಲ್ಲ, ಹೋಗುವುದಕ್ಕೆ. ಒಳಗಿನ ಚೌಕಟ್ಟಿನ ಸಂದಿಯಿಂದ ಕೋಣೆಯ ತೇವಗಾಳಿ ನುಸುಳಿ ಹೊರಗಿನ ತಣ್ಣನೆಯ ಗಾಜಿಗೆ ಬಡಿಯುತ್ತಿದೆ. ಒಳಚೌಕಟ್ಟಿಗೆ ಒಳ್ಳೆ ರಬ್ಬರ್ ಪಟ್ಟಿ ಹಾಕಿ ಬಿಗಿ ಮಾಡಿ, ಹೊರಗಿನ ಮರದ ಕಿಟಕಿಯ ಸಣ್ಣ ಸಂದಿಗಳನ್ನು ಮುಚ್ಚದೆ ಬಿಡಿ. ಒಳಗಿನದು ಬಿಗಿ, ಹೊರಗಿನದು ಸಡಿಲ. ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಮೋಡಗಾಜು ಅವರೇ, ಈಗ ನಿಮ್ಮ ಮಲಗುವ ಕೋಣೆಯ ಕಿಟಕಿಗೆ ಬರೋಣ.

ಎರಡು ಗಾಜಿನ ನಡುವೆ ಸುತ್ತಲೂ ಓಡುವ ಪಟ್ಟಿಗೆ ಸ್ಪೇಸರ್ ಅನ್ನುತ್ತೇವೆ. ಅಲ್ಯೂಮಿನಿಯಂದಾದರೆ ಒಳಗೆ ಟೊಳ್ಳು, ಅದರೊಳಗೆ ತೇವ ಹೀರುವ ಸಣ್ಣ ಮಣಿಗಳು ತುಂಬಿರುತ್ತವೆ. ಆ ಮಣಿಗಳ ರಂಧ್ರ 3 ಆಂಗ್‌ಸ್ಟ್ರಾಮ್ ಅಗಲ. ನೀರಿನ ಅಣು ಒಳಗೆ ಹೋಗುತ್ತದೆ, ಆರ್ಗಾನ್ (ಕೆಲವು ಗಾಜಿನ ಸಂದಿಗೆ ಗಾಳಿಯ ಬದಲು ತುಂಬುವ ಅನಿಲ) ಮತ್ತು ಸಾರಜನಕ ಹೋಗುವುದಿಲ್ಲ. ಸ್ಪೇಸರಿಗೂ ಗಾಜಿಗೂ ನಡುವೆ ಕಪ್ಪು ದಾರದಂತೆ ಕಾಣುವುದು ಬ್ಯುಟೈಲ್, ನೀರಾವಿಯನ್ನು ತಡೆಯುವ ಕೆಲಸ ಅದರದು. ಅದರ ಹೊರಗಡೆ ದಪ್ಪಗೆ ತುಂಬಿರುವುದು ಪಾಲಿಸಲ್ಫೈಡ್ ಅಥವಾ ಪಾಲಿಯುರೆಥೇನ್ ಅಥವಾ ಸಿಲಿಕೋನ್, ಎರಡು ಗಾಜನ್ನು ಬಿಗಿಹಿಡಿಯುವುದು ಅದು.

ಯಾವ ಸೀಲೂ ನೂರಕ್ಕೆ ನೂರು ಬಿಗಿಯಲ್ಲ. ಚೂರುಚೂರೇ ಆವಿ ಒಳಗೆ ಹೋಗುತ್ತಲೇ ಇರುತ್ತದೆ, ಮಣಿಗಳು ಹೀರುತ್ತಲೇ ಇರುತ್ತವೆ. ಮಣಿಗಳ ಹೊಟ್ಟೆ ತುಂಬಿದ ದಿನ ನಿಮಗೆ ಮಂಜು ಕಾಣಿಸುತ್ತದೆ. ಅಂದರೆ ನಿಮ್ಮ ಕಣ್ಣಿಗೆ ಬಿದ್ದದ್ದು ಹೋದ ವರ್ಷ, ಸೋರಿಕೆ ಶುರುವಾಗಿದ್ದು ಅದಕ್ಕೂ ಎಷ್ಟೋ ಮೊದಲು. ಮೊದಮೊದಲು ಬಿಸಿಲಿಗೆ ಹೋಗುತ್ತಿತ್ತು ಅಂದಿರಲ್ಲ, ಗಾಜು ಬಿಸಿಯಾದಾಗ ನೀರು ಮತ್ತೆ ಆವಿಯಾಗಿ ಅಲ್ಲೇ ಇರುತ್ತಿತ್ತು. ಬೆಳ್ಳನೆಯ ಅಂಚು ಅಂದಿರಿ, ಅದು ನೀರು ಗಾಜಿನಿಂದ ಕ್ಷಾರವನ್ನು ಎಳೆದು ಮೈಯನ್ನೇ ತಿಂದ ಗುರುತು. ಅದನ್ನು ಯಾವ ದ್ರಾವಣವೂ ತೆಗೆಯುವುದಿಲ್ಲ.

ಚೆನ್ನಾಗಿ ತಯಾರಾದ ಗಾಜು 20 ವರ್ಷ ಬಾಳುವುದು ಸಾಮಾನ್ಯ. ನಿಮ್ಮದು 11ಕ್ಕೇ ಹೋಗಿದೆ, ಅದೂ ಒಂದೇ ಕಿಟಕಿಯದು. ಒಂದೇ ಹೋಗಿದ್ದರೆ ನನಗೆ ಅನುಮಾನ ಬರುವುದು ಗಾಜಿನ ಮೇಲಲ್ಲ, ಅದು ಕೂತಿರುವ ಜಾಗದ ಮೇಲೆ.


ತೂತುಮಾಡಿಸಿದ್ದೆ

ತೂತು ಕೊರೆಸುವ ಬಗ್ಗೆ ನನ್ನ ಅನುಭವ ಹೇಳಲೇಬೇಕು. ಮೂರು ವರ್ಷದ ಹಿಂದೆ ನಾಲ್ಕು ಗಾಜಿಗೆ ಮಾಡಿಸಿದೆ. ಹೊರಗಿನ ಗಾಜಿಗೆ ಎರಡು ಸಣ್ಣ ತೂತು, ಒಳಗೆ ಏನೋ ದ್ರಾವಣ ಬಿಟ್ಟು ತೊಳೆದರು, ಒಣಗಿಸಿ ಪುಟ್ಟ ಪ್ಲಾಸ್ಟಿಕ್ ಬಿರಡೆ ಹಾಕಿದರು. ಮೊದಲ ವರ್ಷ ನಿಜಕ್ಕೂ ಸ್ಪಷ್ಟವಾಗಿತ್ತು. ಎರಡನೇ ಚಳಿಗಾಲದಲ್ಲಿ ಎರಡರಲ್ಲಿ ಮಂಜು ವಾಪಸ್ ಬಂತು. ಮೂರನೆಯದರಲ್ಲಿ ಹಳೇ ಬಿಳಿ ಕಲೆ ಮೊದಲಿನಿಂದಲೂ ಹೋಗಿರಲಿಲ್ಲ. ನಾಲ್ಕನೆಯದು ಇವತ್ತಿಗೂ ಚೆನ್ನಾಗಿದೆ, ಅದು ಬಿಸಿಲು ಬೀಳುವ ಕಡೆಯದು.


ಗಾಜುಗೆಲಸ

ನೀವು ಬರೆದದ್ದು ಸರಿಯಾಗಿ ಹಾಗೇ ಆಗುತ್ತದೆ. ತೂತು ಕೊರೆದರೆ ಗಾಳಿಯಾಡುತ್ತದೆ, ಕೆಲವು ಕಾಲ ನೋಟ ತಿಳಿಯಾಗುತ್ತದೆ. ಆದರೆ ಸೋರುವ ಸೀಲ್ ಸೋರುವ ಸೀಲೇ, ತುಂಬಿದ ಮಣಿ ತುಂಬಿದ ಮಣಿಯೇ, ಹೋದ ಆರ್ಗಾನ್ ವಾಪಸ್ ಬರುವುದಿಲ್ಲ. ಶಾಖ ಹೊರಹೋಗದಂತೆ ತಡೆಯುವ ಲೋ-ಇ ಲೇಪನ ಇದ್ದರೆ ಇನ್ನೂ ಕಷ್ಟ: ಅದರಲ್ಲಿ ಬೆಳ್ಳಿಯ ಅತಿ ತೆಳುವಾದ ಪದರ ಇರುತ್ತದೆ, ಒಣಗಾಳಿ ಇದ್ದಷ್ಟು ದಿನ ಮಾತ್ರ ಸುರಕ್ಷಿತ. ಹೊರಗಾಳಿ ಆಡಲು ಬಿಟ್ಟರೆ ಕಲೆಗಳು ಬೀಳುತ್ತವೆ. ಇನ್ನೊಂದು, ಟಫನ್ಡ್ ಗಾಜಿಗೆ (ಕಾಯಿಸಿ ಗಟ್ಟಿ ಮಾಡಿದ್ದು) ಯಾವ ಕಾರಣಕ್ಕೂ ಡ್ರಿಲ್ ಇಡಬೇಡಿ. ಇಡೀ ಗಾಜು ಪುಡಿಪುಡಿಯಾಗಿ ಬೀಳುತ್ತದೆ. ಮೂಲೆಯಲ್ಲಿ ಸಣ್ಣ ಮುದ್ರೆ ಇದೆಯಾ ನೋಡಿ, ಇದ್ದರೆ ಟಫನ್ಡ್ ಆಗಿರುವ ಸಾಧ್ಯತೆ ಹೆಚ್ಚು.

ಮೋಡಗಾಜು ಅವರಿಗೆ ನನ್ನ ಸಲಹೆ: ಫ್ರೇಮ್ ಚೆನ್ನಾಗಿದ್ದರೆ ಅದನ್ನು ಮುಟ್ಟಬೇಡಿ. ಗಾಜಿನ ಜೋಡಿಯನ್ನು ಮಾತ್ರ ಬದಲಿಸಿ. ಆದರೆ ಆರ್ಡರ್ ಕೊಡುವ ಮೊದಲು ಬೀಡಿಂಗ್ (ಗಾಜನ್ನು ಫ್ರೇಮಿಗೆ ಹಿಡಿದಿಡುವ ಪಟ್ಟಿ) ತೆಗೆದು ಕೆಳಗೆ ಏನಿದೆ ನೋಡಿ. ಒಳಗಡೆ ಬೀಡಿಂಗ್ ಇದ್ದರೆ ಮೊದಲು ಉದ್ದನೆಯ ಬದಿಯದು, ನಡುವಿನಿಂದ, ಪುಟ್ಟಿ ಬ್ಲೇಡ್ ತೂರಿಸಿ ಮೆಲ್ಲಗೆ ಎಬ್ಬಿಸಿ. ಇಬ್ಬರಿರಬೇಕು. ಒಂದು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. 4 ಮಿಮೀ ಗಾಜು ಎರಡು ಅಂದರೆ ಚದರ ಮೀಟರಿಗೆ 20 ಕಿಲೋ. ದಪ್ಪ ಗ್ಲೌಸ್ ಹಾಕಿಕೊಳ್ಳಿ, ಗಾಳಿ ಬೀಸುವ ದಿನ ಬೇಡ. ಧೈರ್ಯ ಸಾಲದಿದ್ದರೆ ಕೆಲಸದವರನ್ನೇ ಕರೆಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ.


ಮೋಡಗಾಜು

ಭಾನುವಾರ ತಮ್ಮನನ್ನು ಕರೆಸಿಕೊಂಡು ತೆಗೆದೆವು. ನೋಡಿದ್ದನ್ನು ಹಾಗೇ ಬರೆಯುತ್ತೇನೆ.

ಕೆಳಗಿನ ಬೀಡಿಂಗ್ ಎಬ್ಬಿಸುತ್ತಿದ್ದಂತೆ ಬ್ಲೇಡಿನ ತುದಿಗೆ ನೀರು ಹತ್ತಿತು. ಪೂರ್ತಿ ತೆಗೆದಾಗ ಫ್ರೇಮಿನ ಕಾಲುವೆಯಲ್ಲಿ ಬೆರಳಿನ ಮೊದಲ ಗೆಣ್ಣಿನಷ್ಟು ನೀರು ನಿಂತಿತ್ತು, ಕಪ್ಪಗೆ, ಕೊಳೆತ ವಾಸನೆ. ಮಳೆ ಬಂದು ಹನ್ನೆರಡು ದಿನ ಆಗಿತ್ತು! ಗಾಜಿನ ಬುಡ ಆ ನೀರಿನಲ್ಲೇ ಮುಳುಗಿತ್ತು. ಬಟ್ಟೆಯಿಂದ ಹೀರಿ ತೆಗೆದ ಮೇಲೆ ನೀರು ಹೋಗುವ ತೂತು ಎಲ್ಲಿದೆ ಅಂತ ಹುಡುಕಿದೆವು. ಹೊರಗಡೆ ಎರಡು ಪುಟ್ಟ ಮುಚ್ಚಳ ಇವೆ. ಒಂದನ್ನು ತೆಗೆದರೆ ಒಳಗೆ ಗಟ್ಟಿ ಸಿಮೆಂಟು. ಮನೆ ಕಟ್ಟುವಾಗಿನ ಗಿಲಾವಿನದ್ದೇ ಇರಬೇಕು. ಇನ್ನೊಂದರಲ್ಲಿ ಮಣ್ಣು, ಜೇಡರ ಬಲೆ. ಗಾಜಿನ ಕೆಳಗೆ ಪ್ಲಾಸ್ಟಿಕ್ ತುಂಡುಗಳು ಎರಡು ಇರಬೇಕಿತ್ತಂತೆ, ಒಂದೇ ಇತ್ತು, ಅದೂ ಸರಿದು ತೂತಿನ ಬಾಯಿಗೇ ಅಡ್ಡ ಕೂತಿತ್ತು. ಗಾಜಿನ ಇನ್ನೊಂದು ಮೂಲೆ ನೇರ ಫ್ರೇಮಿನ ಮೇಲೆ ಕೂತಿತ್ತು. ಆ ಮೂಲೆಯಲ್ಲಿ ಅಂಚಿನ ದಪ್ಪ ಸೀಲನ್ನು ಉಗುರಿನಿಂದ ಒತ್ತಿದರೆ ಒಣಗಿದ ಅಂಟಿನಂತೆ ಸುಲಿದು ಬಂತು. ಮೇಲ್ಗಡೆ ಅದೇ ಸೀಲ್ ರಬ್ಬರಿನಂತೆ ಗಟ್ಟಿಯಾಗಿದೆ.

ಮೊಟ್ಟಮೊದಲು ಮಂಜು ಕಂಡದ್ದೂ ಅದೇ ಮೂಲೆಯಲ್ಲಿ.


ಗಾಜುಗೆಲಸ

ನಾನು ಹೇಳಬೇಕಾದ್ದನ್ನೆಲ್ಲ ನೀವೇ ಕಣ್ಣಾರೆ ನೋಡಿದಿರಿ. ಹೊರಗಿನ ರಬ್ಬರ್ ದಾಟಿ ಒಂದಿಷ್ಟು ಮಳೆನೀರು ಎಲ್ಲ ಕಿಟಕಿಗಳಲ್ಲೂ ಒಳಗೆ ಬರುತ್ತದೆ. ಫ್ರೇಮ್ ತಯಾರಿಸುವವರಿಗೂ ಅದು ಗೊತ್ತು, ಅದಕ್ಕೇ ಕಾಲುವೆ ಮತ್ತು ತೂತು ಇಡುತ್ತಾರೆ. ನೀರು ಬಂದು ಹೋದರೆ ಸೀಲಿಗೆ ಏನೂ ಆಗದು. ನಿಂತರೆ ಹೋಯಿತು. ತಿಂಗಳುಗಟ್ಟಲೆ ನೆನೆದ ಸೀಲ್ ಮೆತ್ತಗಾಗಿ ಗಾಜನ್ನು ಬಿಡುತ್ತದೆ. ಒಂದು ಕಡೆ ಪ್ಯಾಕರ್, ಅಂದರೆ ಆ ಪ್ಲಾಸ್ಟಿಕ್ ತುಂಡು, ಇಲ್ಲದಿದ್ದರೆ ಗಾಜಿನ ಭಾರವೆಲ್ಲ ಓರೆಯಾಗಿ ಬಿದ್ದು ಎರಡು ಗಾಜೂ ಒಂದರಿಂದೊಂದು ಜಾರಲು ನೋಡುತ್ತವೆ.

ಇದರ ಮೇಲೆ ದಿನದಿನದ ಎಳೆದಾಟ ಬೇರೆ. ಸಂದಿಯೊಳಗಿನ ಗಾಳಿ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 20 ಡಿಗ್ರಿ ಇದ್ದದ್ದು 50 ಡಿಗ್ರಿ ಆದರೆ ಒಳಗಿನ ಒತ್ತಡ ಹತ್ತು ಭಾಗದಲ್ಲಿ ಒಂದು ಭಾಗದಷ್ಟು ಏರಲು ನೋಡುತ್ತದೆ. ಗಾಜು ಉಬ್ಬಿ ಅದನ್ನು ಸರಿದೂಗಿಸುತ್ತದೆ, ಪ್ರತಿ ಉಬ್ಬಿಗೂ ಅಂಚಿನ ಸೀಲ್ ಎಳೆಯುತ್ತದೆ. ಗಟ್ಟಿ ಸೀಲ್ ಇದನ್ನು ಸಾವಿರಾರು ಸಲ ತಡೆದುಕೊಳ್ಳುತ್ತದೆ. ನೆನೆದದ್ದು ತಡೆಯದು.

ನಿಮ್ಮ ಮನೆಗೆ ಬಂದವರು ಬೀಡಿಂಗ್ ಎಬ್ಬಿಸಿ ನೋಡದೆ ಒಂಬತ್ತನ್ನೂ ಕೀಳಿ ಅಂದದ್ದು ನನಗೆ ಬೇಸರ ತಂದಿದೆ. ಅದೇ ರೀತಿ ಬರೀ ಗಾಜು ಬದಲಿಸಿ, ಆ ಸಿಮೆಂಟನ್ನು ಹಾಗೇ ಬಿಟ್ಟು ಹೋಗಿದ್ದರೂ ಹೊಸ ಗಾಜು ಮತ್ತೆ ಅದೇ ನೀರಿನಲ್ಲೇ ಕೂರುತ್ತಿತ್ತು.

ಅಳತೆಯ ವಿಷಯ. ಹಳೇ ಗಾಜನ್ನೇ ಹೊರಗೆ ತೆಗೆದು ಅಳೆಯಿರಿ: ಅಗಲ ಮೂರು ಕಡೆ, ಎತ್ತರ ಮೂರು ಕಡೆ. ಫ್ರೇಮಿನ ಒಳಅಳತೆಗೂ ಗಾಜಿಗೂ ಪ್ರತಿ ಬದಿಗೆ 3ರಿಂದ 5 ಮಿಮೀ ಬಿಡುವು ಇರಬೇಕು. ಒಟ್ಟು ದಪ್ಪ ಬಹಳ ಮುಖ್ಯ, 24 ಇದ್ದಲ್ಲಿ 28 ತಂದರೆ ಬೀಡಿಂಗ್ ಕೂರುವುದಿಲ್ಲ. ಸೀಲ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲಾಗದು, ಅಳತೆ ತಪ್ಪಿದರೆ ಅದು ದಂಡ.

ಹಳೇ ಗಾಜಿನಲ್ಲಿ ಲೋ-ಇ ಲೇಪನ ಇತ್ತಾ ಅಂತ ತಿಳಿಯಲು ಕತ್ತಲಲ್ಲಿ ಲೈಟರ್ ಹಚ್ಚಿ ಗಾಜಿನ ಮುಂದೆ ಹಿಡಿಯಿರಿ, ಓರೆಯಾಗಿ ನೋಡಿ. ನಾಲ್ಕು ಮುಖಕ್ಕೆ ನಾಲ್ಕು ಜ್ವಾಲೆ ಕಾಣಿಸುತ್ತವೆ. ಒಂದರ ಬಣ್ಣ ಉಳಿದ ಮೂರಕ್ಕಿಂತ ಬೇರೆಯಾಗಿದ್ದರೆ ಲೇಪನ ಇರುವುದು ಆ ಮುಖದಲ್ಲಿ. ಹೊಸದು ಬಂದ ಮೇಲೂ ಕೂರಿಸುವ ಮೊದಲು ಇದೇ ಪರೀಕ್ಷೆ ಮಾಡಿ, ಹಿಂದುಮುಂದಾಗಿ ಕೂರಿಸುವುದು ತಪ್ಪುತ್ತದೆ.


ಮೋಡಗಾಜು

ನಾಲ್ಕೂ ಜ್ವಾಲೆ ಒಂದೇ ಬಣ್ಣ. ಲೇಪನ ಇರಲಿಲ್ಲ ಅಂತಾಯಿತು. ಒಟ್ಟು ದಪ್ಪ 24 ಮಿಮೀ. ಹೊಸದಕ್ಕೆ ಲೇಪನ, ಆರ್ಗಾನ್ ಎರಡೂ ಹಾಕಿಸಬಹುದಾ? ಆರ್ಗಾನ್ ಹೇಗೂ ಸೋರಿಹೋಗುತ್ತದೆ ಅಂತಾರಲ್ಲ.


ಹಬೆಲೆಕ್ಕ

ಹಾಕಿಸಿ, ಮುಖ್ಯವಾಗಿ ಲೇಪನ. ಲೇಪನ ಮತ್ತು 16 ಮಿಮೀ ಆರ್ಗಾನ್ ಇರುವ ಗಾಜಿನ ಯು-ಮೌಲ್ಯ 1.1ರ ಆಸುಪಾಸು. ಆರ್ಗಾನ್ ಬದಲು ಬರೀ ಗಾಳಿ ಇದ್ದರೂ 1.4. ನಿಮ್ಮ ಹಳೆಯದು 2.8. ದೊಡ್ಡ ಕೆಲಸ ಮಾಡುವುದು ಲೇಪನವೇ ಅಂತ ಇದರಿಂದ ಗೊತ್ತಾಗುತ್ತದೆ. ನಿಮ್ಮ 24 ಮಿಮೀಗೆ 4, 16, 4 ಸರಿಯಾಗಿ ಹೊಂದುತ್ತದೆ. ಸೋರಿಕೆಯ ಬಗ್ಗೆ: ಇಎನ್ 1279 ಎಂಬ ಯುರೋಪಿನ ಮಾನದಂಡದ ಪ್ರಕಾರ ಅನಿಲ ವರ್ಷಕ್ಕೆ 1%ಗಿಂತ ಹೆಚ್ಚು ಸೋರಬಾರದು. ಆ ಮಾನದಂಡಕ್ಕೆ ತಯಾರಾದದ್ದಾ ಎಂದು ಕೇಳಿ.

ಸ್ಪೇಸರ್ ಅಲ್ಯೂಮಿನಿಯಂ ಬದಲು ಶಾಖ ದಾಟಿಸದ ಬಗೆಯದು, ವಾರ್ಮ್ ಎಡ್ಜ್ ಅನ್ನುತ್ತಾರೆ, ಅದು ಸಿಕ್ಕರೆ ತೆಗೆದುಕೊಳ್ಳಿ. ಬುಡದ ನೀರಿನ ಸಾಲು ಬಹಳ ಕಡಿಮೆಯಾಗುತ್ತದೆ.


ಗುಡ್ಡದಮೇಲೆ

ಒಂದು ವಿಷಯ ಸೇರಿಸುತ್ತೇನೆ, ಎತ್ತರದ ಜಾಗದಲ್ಲಿ ಮನೆ ಇರುವವರಿಗಾಗಿ. ತಗ್ಗಿನಲ್ಲಿ ಸೀಲ್ ಮಾಡಿದ ಗಾಜನ್ನು ಸಾವಿರ ಮೀಟರ್ ಮೇಲೆ ತಂದರೆ ಹೊರಗಿನ ಗಾಳಿಯ ಒತ್ತಡ ಶೇಕಡಾ 11ರಷ್ಟು ಕಡಿಮೆ. ಒಳಗಿನ ಗಾಳಿ ಗಾಜನ್ನು ಹೊರಕ್ಕೆ ಉಬ್ಬಿಸುತ್ತದೆ. ನಮ್ಮದು ಬಂದ ದಿನವೇ ಎದುರಿನ ಮರ ಗಾಜಿನಲ್ಲಿ ಡೊಂಕಾಗಿ ಕಾಣುತ್ತಿತ್ತು, ಮೂರನೇ ವರ್ಷಕ್ಕೆ ಎರಡರ ಸೀಲ್ ಬಿಟ್ಟಿತು. ಆರ್ಡರ್ ಕೊಡುವಾಗಲೇ ಮನೆಯ ಎತ್ತರ ಹೇಳಿ. ಒತ್ತಡ ಸರಿಹೊಂದಲು ಸೂಜಿಯಂಥ ಸಣ್ಣ ಕೊಳವೆ ಇಟ್ಟು ತಯಾರಿಸುತ್ತಾರೆ.


ಗಾಜುಗೆಲಸ

ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ, ಬರೆದದ್ದು ಒಳ್ಳೆಯದಾಯಿತು.

ಕೂರಿಸುವಾಗ ಇನ್ನೆರಡು ಎಚ್ಚರಿಕೆ. ಗಾಜಿನ ಅಂಚಿಗೆ ವಿನೆಗರ್ ವಾಸನೆ ಬರುವ ಸಿಲಿಕೋನ್ ಹಚ್ಚಬೇಡಿ, ಅದು ಒಳಗಿನ ಸೀಲಿಗೆ ಆಗುವುದಿಲ್ಲ. ಹಚ್ಚಲೇಬೇಕಾದರೆ ನ್ಯೂಟ್ರಲ್ ಸಿಲಿಕೋನ್. ಮರದ ಫ್ರೇಮಿನವರು ಎಣ್ಣೆ ಬೆರೆತ ಪುಟ್ಟಿ ಹಚ್ಚಬೇಡಿ, ಎಣ್ಣೆ ಸೀಲನ್ನು ಕರಗಿಸುತ್ತದೆ. ಮತ್ತೆ ಕಿಟಕಿಯ ಅಂಚಿಗೆ ಪ್ರೆಷರ್ ಪಂಪಿನಿಂದ ನೀರು ಹೊಡೆದು ತೊಳೆಯುವವರಿದ್ದಾರೆ, ದಯವಿಟ್ಟು ಬಿಡಿ.


ಎರಡನೇಮಹಡಿ

ಹೊಸ ಗಾಜಿನಲ್ಲಿ ಒಂದು ಕೋನದಿಂದ ನೋಡಿದರೆ ಕಾಮನಬಿಲ್ಲಿನ ಬಣ್ಣದ ಗೆರೆ ಕಾಣುತ್ತದೆ. ಇದು ಸೀಲ್ ಹೋದ ಗುರುತಾ?


ಹಬೆಲೆಕ್ಕ

ಒಳಗಿನ ಗಾಜನ್ನು ಬೆರಳಿನಿಂದ ಸ್ವಲ್ಪ ಒತ್ತಿ. ಗೆರೆಗಳು ಸರಿದಾಡಿದರೆ, ಬೇರೆ ಕೋನದಿಂದ ಮಾಯವಾದರೆ ಅದು ಒಂದೇ ದಪ್ಪದ ಎರಡು ಗಾಜಿನ ನಡುವೆ ಬೆಳಕು ಆಡುವ ಆಟ, ದೋಷವಲ್ಲ. ಗಾಜಿನ ನಟ್ಟನಡುವೆ ಉಂಗುರದಂತೆ ಬಣ್ಣ ನಿಂತಿದ್ದರೆ ಮಾತ್ರ ಎರಡು ಗಾಜು ಕುಸಿದು ಒಂದಕ್ಕೊಂದು ತಾಗುತ್ತಿರಬಹುದು, ಆಗ ತೋರಿಸಿ.


ಮೋಡಗಾಜು

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಚಳಿ ಮುಗಿಯುವವರೆಗೆ ಕಾಯೋಣ ಅಂತಿದ್ದೆ.

ಹೊಸ ಗಾಜು ಕೂರಿಸುವ ಮೊದಲು ಸಿಮೆಂಟನ್ನು ಸಣ್ಣ ಉಳಿಯಿಂದ ಒಂದು ಗಂಟೆ ಕೂತು ಬಿಡಿಸಿದೆ. ಕಾಲುವೆಗೆ ಒಂದು ಮಗ್ ನೀರು ಹೊಯ್ದೆ. ಮೊದಲು ಏನೂ ಬರಲಿಲ್ಲ. ತಂತಿ ತೂರಿಸಿ ಆಡಿಸಿದ ಮೇಲೆ ಒಂದು ಮುದ್ದೆ ಮಣ್ಣು ಜಾರಿ, ಹಿಂದೆಯೇ ನೀರು ಹೊರಗಿನ ಗೋಡೆಯ ಮೇಲೆ ಸುರಿಯಿತು. ಕೆಲಸದವರ ಮುಂದೆ ಇನ್ನೊಂದು ಮಗ್ ಹೊಯ್ದು ತೋರಿಸಿ, ಆಮೇಲೇ ಗಾಜು ಇಡಲು ಬಿಟ್ಟೆ. ಪ್ಯಾಕರ್ ಎರಡೂ ತೂತಿನಿಂದ ದೂರ ಇರುವಂತೆ ನಾನೇ ನೋಡಿಕೊಂಡೆ. ಫ್ರೇಮ್ ಹಳೆಯದೇ. ಚಳಿಗಾಲ ಪೂರ್ತಿ ಆ ಗಾಜಿನಲ್ಲಿ ಒಂದು ಹನಿ ಕಾಣಲಿಲ್ಲ, ಕೆಳಮೂಲೆಯಲ್ಲೂ ಇಲ್ಲ.

ಮಕ್ಕಳ ಕೋಣೆಯಿಂದ ಬಟ್ಟೆ ಸ್ಟ್ಯಾಂಡ್ ತೆಗೆದು ಎಕ್ಸಾಸ್ಟ್ ಫ್ಯಾನ್ ಇರುವ ಬಚ್ಚಲಿಗೆ ಇಟ್ಟೆವು, ಬೆಳಿಗ್ಗೆ ಹತ್ತು ನಿಮಿಷ ಕಿಟಕಿ ತೆಗೆಯುತ್ತೇವೆ. ಮೀಟರ್ ಈಗ 50, 52 ತೋರಿಸುತ್ತದೆ. ತುಂಬ ಚಳಿ ಬಿದ್ದ ನಾಲ್ಕೈದು ದಿನ ಮಾತ್ರ ಬುಡದಲ್ಲಿ ತೆಳ್ಳಗೆ ಹಬೆ ಕಂಡಿತು, ನೀರಾಗಿ ಇಳಿಯಲಿಲ್ಲ.

ಉಳಿದ ಎಂಟು ಕಿಟಕಿಗೂ ಹೊರಗಿನ ಮುಚ್ಚಳ ತೆಗೆದು ನೋಡಿದೆ. ಮೂರರ ತೂತಿನಲ್ಲಿ ಅದೇ ಗಿಲಾವಿನ ಸಿಮೆಂಟು ಇತ್ತು. ಎರಡನ್ನು ಬಿಡಿಸಿ ಆಯಿತು. ಮೆಟ್ಟಿಲ ಮೇಲಿನದಕ್ಕೆ ಏಣಿ ಬೇಕು, ಈ ಭಾನುವಾರ ತಮ್ಮ ಬರುತ್ತಾನೆ, ಮಳೆಗಾಲಕ್ಕೆ ಮೊದಲು ಅದನ್ನೂ ಮುಗಿಸುತ್ತೇವೆ.


ಗಾಜುಗೆಲಸ

ಏಣಿಯ ಬುಡ ಒಬ್ಬರು ಹಿಡಿದುಕೊಳ್ಳಿ. ಬಿಡಿಸಿದ ಮೇಲೆ ಮುಚ್ಚಳ ವಾಪಸ್ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಗಾಳಿಗೆ ಮಳೆನೀರು ಅದೇ ತೂತಿನಿಂದ ಹಿಂದಕ್ಕೆ ನುಗ್ಗುತ್ತದೆ.